ನಮ್ಮೂರಿಗೆ ಬಸ್ ಹಾಕಿಸುವುದು ಹೇಗೆ: ದುಡ್ಡು ಯಾರದು, ಅರ್ಜಿ ಯಾರಿಗೆ?

ಆಳಂದ ಇರಲಿ, ಔರಾದ್ ಇರಲಿ, ಹುಣಸಗಿ ಇರಲಿ, ಓದುಗರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ನಮ್ಮೂರಿಗೆ ಬಸ್ ಇಲ್ರಿ. ಅರ್ಜಿ ಕೊಟ್ಟು ಎರಡು ವರ್ಷ ಆಯ್ತು. ಶಾಸಕರಿಗೂ ಹೇಳೀವಿ. ಇನ್ನೇನ್ ಮಾಡಬೇಕು?"

ಇಂಥ ಅರ್ಜಿಗಳನ್ನು ನಾನು ಸಾಕಷ್ಟು ಓದಿದ್ದೇನೆ, ಕೆಲವನ್ನು ಬರೆದೂ ಕೊಟ್ಟಿದ್ದೇನೆ. ಬಹುಪಾಲು ಅರ್ಜಿಗಳಲ್ಲಿ ಇರುವುದು ಒಂದೇ ಸಾಲು: "ವಿದ್ಯಾರ್ಥಿಗಳಿಗೆ, ರೈತರಿಗೆ ತೊಂದರೆಯಾಗಿದ್ದು, ದಯವಿಟ್ಟು ಬಸ್ ಸೌಕರ್ಯ ಕಲ್ಪಿಸಬೇಕು." ಓದಿದ ಅಧಿಕಾರಿಗೆ ಎಲ್ಲಿಂದ ಎಲ್ಲಿಗೆ, ಎಷ್ಟು ಗಂಟೆಗೆ, ಎಷ್ಟು ಜನ ಎಂದು ಏನೂ ತಿಳಿಯುವುದಿಲ್ಲ. "ಪರಿಶೀಲಿಸಿ" ಎಂದು ಷರಾ ಬರೆದು ಕೆಳಗೆ ಕಳಿಸುತ್ತಾರೆ. ಕೆಳಗಿನವರು "ಬಸ್ಸುಗಳ ಕೊರತೆ ಇದೆ" ಎಂದು ಮೇಲಕ್ಕೆ ಬರೆಯುತ್ತಾರೆ. ಅಲ್ಲಿಗೆ ಮುಗಿಯಿತು.

ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ಬಸ್ ಕೇಳಬೇಡಿ, ಟ್ರಿಪ್ ಕೇಳಿ. ಹೊಸ ಬಸ್ ಕೊಳ್ಳುವುದು ಕೋಟಿಗಳ ಲೆಕ್ಕ, ಅದು ಮಂತ್ರಿಗಳ ಮಟ್ಟದ ಮಾತು. ಈಗ ಓಡುತ್ತಿರುವ ಬಸ್ಸನ್ನು ಐದು ಕಿಲೋಮೀಟರ್ ಮುಂದಕ್ಕೆ ತರುವುದು ಅಥವಾ ಅರ್ಧ ಗಂಟೆ ಮೊದಲು ಹೊರಡಿಸುವುದು ನಿಮ್ಮ ತಾಲ್ಲೂಕಿನ ಡಿಪೋದಿಂದಲೇ ಶುರುವಾಗುವ ಕೆಲಸ.

ಮೊದಲು ಕೆಲವು ಪದ

ಡಿಪೋಗೆ ಹೋದಾಗ ಈ ಮಾತುಗಳು ಕಿವಿಗೆ ಬೀಳುತ್ತವೆ. ಗೊತ್ತಿದ್ದರೆ ಅರ್ಧ ಕೆಲಸ ಹಗುರ.

ಶೆಡ್ಯೂಲ್ ಎಂದರೆ ಒಂದು ಬಸ್ಸಿನ ಇಡೀ ದಿನದ ಓಡಾಟ. ಅದರೊಳಗಿನ ಒಂದೊಂದು ಹೋಗುವಿಕೆ, ಬರುವಿಕೆ ಟ್ರಿಪ್. ಯಾವ ಬಸ್ ಎಷ್ಟು ಗಂಟೆಗೆ ಎಲ್ಲಿಂದ ಹೊರಟು ಎಲ್ಲಿ ಮುಟ್ಟಬೇಕು ಎಂಬ ಪಟ್ಟಿಗೆ ಫಾರಂ-4 ಅನ್ನುತ್ತಾರೆ. ಇಪಿಕೆಎಂ ಎಂದರೆ ಬಸ್ ಒಂದು ಕಿಲೋಮೀಟರ್ ಓಡಿದರೆ ಬರುವ ಆದಾಯ. ಸಿಪಿಕೆಎಂ ಎಂದರೆ ಅದೇ ಒಂದು ಕಿಲೋಮೀಟರಿಗೆ ಆಗುವ ಖರ್ಚು: ಡೀಸೆಲ್, ಸಂಬಳ, ಟೈರು ಎಲ್ಲ ಸೇರಿ. ವಸ್ತಿ ಬಸ್ ನಿಮಗೆ ಗೊತ್ತೇ ಇದೆ, ರಾತ್ರಿ ಊರಲ್ಲೇ ನಿಂತು ಬೆಳಿಗ್ಗೆ ಹೊರಡುವುದು.

ಇನ್ನೊಂದು ಪದ ಬಹಳ ಜನರನ್ನು ದಾರಿ ತಪ್ಪಿಸುತ್ತದೆ: ಡಿಸಿ. ಊರ ಜನಕ್ಕೆ ಡಿಸಿ ಎಂದರೆ ಜಿಲ್ಲಾಧಿಕಾರಿ. ಸಾರಿಗೆ ನಿಗಮದಲ್ಲಿ ಡಿಸಿ ಎಂದರೆ ವಿಭಾಗೀಯ ನಿಯಂತ್ರಣಾಧಿಕಾರಿ. "ಡಿಸಿ ಸಾಹೇಬರಿಗೆ ಕೊಡಿ" ಎಂದು ಕಂಡಕ್ಟರ್ ಹೇಳಿದ್ದು ಕೇಳಿ ಜಿಲ್ಲಾಧಿಕಾರಿ ಕಚೇರಿಗೆ ಹೋಗಿ ಅರ್ಜಿ ಕೊಟ್ಟು ಬಂದವರನ್ನು ನೋಡಿದ್ದೇನೆ. ಅರ್ಜಿ ಸುತ್ತು ಹಾಕಿ ನಿಗಮಕ್ಕೆ ಬರುವಷ್ಟರಲ್ಲಿ ಶಾಲೆ ವರ್ಷವೇ ಮುಗಿದಿರುತ್ತದೆ.

ದುಡ್ಡು ಎಲ್ಲೆಲ್ಲಿಂದ ಬರುತ್ತದೆ?

"ಸರ್ಕಾರದ ಬಸ್, ಸರ್ಕಾರದ ದುಡ್ಡು" ಎಂಬುದು ಅರ್ಧ ಸತ್ಯ. ಕಲಬುರಗಿ, ಬೀದರ್, ಯಾದಗಿರಿ, ನಮ್ಮ ಈ ಮೂರೂ ಜಿಲ್ಲೆಯಲ್ಲಿ ಬಸ್ ಓಡಿಸುವುದು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ. 2000ದಲ್ಲಿ ಕೆಎಸ್‌ಆರ್‌ಟಿಸಿಯಿಂದ ಬೇರೆಯಾಗಿ ಈಶಾನ್ಯ ಕರ್ನಾಟಕ ಸಾರಿಗೆ ಎಂದಾಯಿತು, 2021ರಲ್ಲಿ ಈಗಿನ ಹೆಸರು ಬಂತು. ಕೇಂದ್ರ ಕಚೇರಿ ಕಲಬುರಗಿಯಲ್ಲೇ ಇದೆ. ಬೆಂಗಳೂರಿಗೆ ಓಡಬೇಕಿಲ್ಲ, ಇದು ನಮಗೆ ದೊಡ್ಡ ಅನುಕೂಲ. (ನಮ್ಮ ಭಾಗಕ್ಕೆ ಸರ್ಕಾರಿ ಬಸ್ ಹೊಸದೇನಲ್ಲ. ಹೈದರಾಬಾದ್ ಸಂಸ್ಥಾನದಲ್ಲಿ ನಿಜಾಮ್ ಸರ್ಕಾರ 1932ರಲ್ಲೇ ತಾನೇ ಬಸ್ ಓಡಿಸಲು ಶುರು ಮಾಡಿತ್ತು.)

ನಿಗಮ ನಡೆಯುವುದು 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆಯಂತೆ. ಅದರ 18ನೇ ಕಲಂ ಪ್ರಕಾರ ಜನರಿಗೆ ಸಾಕಷ್ಟು ಮತ್ತು ದಕ್ಷ ಸಾರಿಗೆ ಒದಗಿಸುವುದು ನಿಗಮದ ಕರ್ತವ್ಯ. 22ನೇ ಕಲಂ ಪ್ರಕಾರ ಅದು ವ್ಯವಹಾರದ ತತ್ವದ ಮೇಲೆ ನಡೆಯಬೇಕು. ಅಂದರೆ ಸೇವೆಯನ್ನೂ ಮಾಡಬೇಕು, ಲೆಕ್ಕವನ್ನೂ ನೋಡಬೇಕು. ನೀವು 18ನ್ನು ಹಿಡಿದು ಮಾತಾಡಿದರೆ ಅವರು 22ನ್ನು ಹಿಡಿದು ಉತ್ತರ ಕೊಡುತ್ತಾರೆ. ಅದಕ್ಕೇ ಅರ್ಜಿಯಲ್ಲಿ ಎರಡೂ ಇರಬೇಕು.

ಈಗ ದುಡ್ಡಿನ ವಿಷಯ. ಬಸ್ ಕೊಳ್ಳುವ ದುಡ್ಡು ಬೇರೆ, ಓಡಿಸುವ ದುಡ್ಡು ಬೇರೆ. ಇದೊಂದು ಮನಸ್ಸಲ್ಲಿ ಇಟ್ಟುಕೊಳ್ಳಿ.

ಓಡಿಸುವ ದುಡ್ಡು ಮುಖ್ಯವಾಗಿ ಟಿಕೆಟ್‌ನಿಂದ ಬರುತ್ತದೆ. 2025ರ ಜನವರಿಯಲ್ಲಿ ದರ ಶೇ 15ರಷ್ಟು ಏರಿತು. ಎರಡನೆಯದು ಶಕ್ತಿ ಯೋಜನೆ. 2023ರ ಜೂನ್ 11ರಿಂದ ಮಹಿಳೆಯರಿಗೆ ಸಾಮಾನ್ಯ ಬಸ್ಸು, ನಗರ ಸಾರಿಗೆ, ವೇಗದೂತಗಳಲ್ಲಿ ರಾಜ್ಯದೊಳಗೆ ಉಚಿತ ಪ್ರಯಾಣ. ಕಂಡಕ್ಟರ್ ಕೊಡುವ ಶೂನ್ಯ ಟಿಕೆಟ್‌ನ ಬೆಲೆಯನ್ನು ಸರ್ಕಾರ ನಿಗಮಕ್ಕೆ ತುಂಬಿಕೊಡಬೇಕು. ಆ ಹಣ ಪೂರ್ತಿಯಾಗಿ, ಹೊತ್ತಿಗೆ ಸರಿಯಾಗಿ ಬರುವುದಿಲ್ಲ ಎಂಬುದು ನಿಗಮಗಳ ದೂರು. ಅದೇನೇ ಇದ್ದರೂ ನಿಮ್ಮ ಮಾರ್ಗದ ಲೆಕ್ಕದಲ್ಲಿ ಶೂನ್ಯ ಟಿಕೆಟ್ ಕೂಡ ಒಂದು ಟಿಕೆಟ್ಟೇ. ಮೂರನೆಯದು ವಿದ್ಯಾರ್ಥಿ ಪಾಸು, ಅಂಗವಿಕಲರ ಪಾಸು ಮುಂತಾದ ರಿಯಾಯಿತಿಗಳಿಗೆ ಸರ್ಕಾರ ಕೊಡುವ ಪಾಲು.

ಕೊಳ್ಳುವ ಮತ್ತು ಕಟ್ಟುವ ದುಡ್ಡು ರಾಜ್ಯ ಬಜೆಟ್, ನಿಗಮದ ಸಾಲ, ಕೇಂದ್ರದ ಯೋಜನೆಗಳಿಂದ ಬರುತ್ತದೆ. ನಮ್ಮ ಭಾಗಕ್ಕೆ ಮಾತ್ರ ಇರುವ ಇನ್ನೊಂದು ಮೂಲವೂ ಇದೆ. ಅದು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371(ಜೆ) ವಿಧಿಯ ಫಲ ಇದು. ಇತ್ತೀಚಿನ ರಾಜ್ಯ ಬಜೆಟ್‌ಗಳಲ್ಲಿ ಮಂಡಳಿಗೆ 5,000 ಕೋಟಿ ರೂಪಾಯಿ ಘೋಷಣೆಯಾಗಿದೆ. ಹಣ ಹಂಚುವಾಗ ತಾಲ್ಲೂಕು ಎಷ್ಟು ಹಿಂದುಳಿದಿದೆ ಎಂಬ ಸೂಚ್ಯಂಕ ನೋಡುತ್ತಾರೆ. 2002ರಲ್ಲಿ ವರದಿ ಕೊಟ್ಟ ನಂಜುಂಡಪ್ಪ ಸಮಿತಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿತ್ತು, ಅದರಲ್ಲಿ 21 ಕಲಬುರಗಿ ವಿಭಾಗದವು. ಆ ಲೆಕ್ಕವೇ ಹಂಚಿಕೆಗೆ ಬುನಾದಿ. ಬಸ್ ಖರೀದಿಗೂ, ನಿಲ್ದಾಣಗಳಿಗೂ ಮಂಡಳಿಯ ಹಣ ಬಳಕೆಯಾಗಿದೆ. ಆದರೆ ಡೀಸೆಲ್‌ಗೆ, ಡ್ರೈವರ್ ಸಂಬಳಕ್ಕೆ ಮಂಡಳಿಯ ಬಾಗಿಲು ಬಡಿದರೆ ಉಪಯೋಗವಿಲ್ಲ. ಅದು ಆಸ್ತಿ ಕಟ್ಟುವ ಹಣ.

ಕೇಂದ್ರದ ಪಿಎಂ ಇ-ಬಸ್ ಸೇವೆ ಬಗ್ಗೆಯೂ ಜಾಸ್ತಿ ಜನ ಕೇಳುತ್ತಾರೆ. 2023ರ ಆಗಸ್ಟ್‌ನಲ್ಲಿ ಒಪ್ಪಿಗೆಯಾದ ಯೋಜನೆ ಇದು, ದೇಶಕ್ಕೆ 10,000 ವಿದ್ಯುತ್ ಬಸ್. ಆದರೆ ಇದು ನಗರ ಸಾರಿಗೆಗೆ. 2011ರ ಜನಗಣತಿಯಲ್ಲಿ 3 ಲಕ್ಷ ಮೀರಿದ ನಗರಗಳಿಗೆ ಎಂಬುದು ಅದರ ಮುಖ್ಯ ಅಳತೆ. ಆ ಗಣತಿಯಲ್ಲಿ ಕಲಬುರಗಿ ನಗರ 5 ಲಕ್ಷ ದಾಟಿತ್ತು. ಬೀದರ್ 2 ಲಕ್ಷ 16 ಸಾವಿರದಷ್ಟು. ಯಾದಗಿರಿ ಲಕ್ಷವನ್ನೂ ಮುಟ್ಟಿರಲಿಲ್ಲ. ಹಾಗಾಗಿ ಸುರಪುರದ ಹಳ್ಳಿಗೆ ಇ-ಬಸ್ ಕೊಡಿ ಎಂದು ಅರ್ಜಿ ಬರೆದು ಸುಮ್ನೆ ಕಾಗದ ಖರ್ಚು ಮಾಡಬೇಡಿ.

ಈಗ ಕೆಲಸಕ್ಕೆ ಇಳಿಯೋಣ.

ಹಂತ 1: ಬೇಕಾಗಿರುವುದು ಏನು ಎಂದು ತೀರ್ಮಾನಿಸಿ

ಊರ ಕಟ್ಟೆಯ ಮೇಲೆ ಕೂತು ಇದನ್ನು ಜಗಳವಾಡಿಯಾದರೂ ಬಗೆಹರಿಸಿಕೊಳ್ಳಿ. ಸುಲಭದಿಂದ ಕಷ್ಟಕ್ಕೆ ಹೀಗೆ ಹೋಗುತ್ತದೆ: ಕೋರಿಕೆ ನಿಲುಗಡೆ (ಈಗಾಗಲೇ ಹಾದುಹೋಗುವ ಬಸ್ ನಿಮ್ಮಲ್ಲಿ ನಿಲ್ಲುವುದು), ಸಮಯ ಬದಲಾವಣೆ, ಪಕ್ಕದ ಊರಿಗೆ ಬರುವ ಬಸ್ಸಿನ ವಿಸ್ತರಣೆ, ಹೆಚ್ಚುವರಿ ಟ್ರಿಪ್, ವಸ್ತಿ ಬಸ್, ಕೊನೆಗೆ ಹೊಚ್ಚಹೊಸ ಶೆಡ್ಯೂಲ್.

ಯಾವುದರಿಂದ ಕೆಲಸ ಆಗುತ್ತದೋ ಅದರಲ್ಲಿ ಎಲ್ಲಕ್ಕಿಂತ ಚಿಕ್ಕದನ್ನು ಕೇಳಿ. ಕಾರಣ ಲೆಕ್ಕದಲ್ಲಿದೆ. ನಿಮ್ಮೂರು ತಾಲ್ಲೂಕಿನಿಂದ 22 ಕಿಲೋಮೀಟರ್ ಎಂದುಕೊಳ್ಳಿ. ಹೋಗಿ ಬಂದರೆ 44. ಲೆಕ್ಕ ಸುಲಭವಾಗಲಿ ಎಂದು ಕಿಲೋಮೀಟರಿಗೆ 50 ರೂಪಾಯಿ ಖರ್ಚು ಹಿಡಿಯೋಣ, ಟಿಕೆಟ್ 25 ರೂಪಾಯಿ ಇರಲಿ. ಹೊಸ ಟ್ರಿಪ್ಪಿಗೆ 2,200 ರೂಪಾಯಿ ಬೇಕು, ಅಂದರೆ ಹೋಗುತ್ತಾ ಬರುತ್ತಾ ಸೇರಿ 88 ಟಿಕೆಟ್. ಐದು ಕಿಲೋಮೀಟರ್ ಹಿಂದಿನ ಊರಿನ ತನಕ ಬರುವ ಬಸ್ಸನ್ನು ನಿಮ್ಮೂರಿಗೆ ಮುಂದುವರಿಸಿದರೆ ಹೆಚ್ಚುವರಿ ಓಟ ಬರೀ 10 ಕಿಲೋಮೀಟರ್, ಖರ್ಚು 500 ರೂಪಾಯಿ. ಇಪ್ಪತ್ತು ಹೊಸ ಟಿಕೆಟ್ ಸಿಕ್ಕರೆ ಸಾಕು.

ಇಲ್ಲಿ ಡಿಪೋ ಮ್ಯಾನೇಜರ್ ಒಂದು ಜಾಣ ಪ್ರಶ್ನೆ ಕೇಳುತ್ತಾರೆ, ತಯಾರಾಗಿರಿ. "ನಿಮ್ಮೂರವರು ಈಗಲೂ ಆ ಊರಿಗೆ ನಡೆದು ಬಂದು ಇದೇ ಬಸ್ ಹತ್ತುತ್ತಾರಲ್ಲ? ಹಾಗಾದರೆ ನನಗೆ ಸಿಗುವುದು ಐದು ಕಿಲೋಮೀಟರಿನ ದುಡ್ಡು ಅಷ್ಟೇ." ಇದಕ್ಕೆ ಉತ್ತರ ಟಂಟಂ, ಕ್ರೂಸರ್‌ನಂಥ ಖಾಸಗಿ ವಾಹನಗಳ ಲೆಕ್ಕ. ಈಗ ಅವುಗಳಲ್ಲಿ ಹೋಗುವವರೇ ನಿಗಮಕ್ಕೆ ಹೊಸ ಪ್ರಯಾಣಿಕರು. ಅದನ್ನು ಎಣಿಸುವುದೇ ಮುಂದಿನ ಹಂತ.

ಹಂತ 2: ಜನರನ್ನು ಎಣಿಸಿ

ಎಲ್ಲರೂ ಬಿಟ್ಟುಬಿಡುವ ಹಂತ ಇದು. ನನ್ನ ಮಟ್ಟಿಗೆ ಅರ್ಜಿಯ ಜೀವವೇ ಇದು.

ಮೂರು ದಿನ ಆರಿಸಿಕೊಳ್ಳಿ. ಒಂದು ಸೋಮವಾರ, ಒಂದು ಸಂತೆ ದಿನ, ಒಂದು ಸಾದಾ ದಿನ. ಬೆಳಿಗ್ಗೆ 6ರಿಂದ ರಾತ್ರಿ 8ರ ತನಕ ಊರ ಅಗಸಿ ಹತ್ತಿರ ಇಬ್ಬರು ಹುಡುಗರನ್ನು ಪಟ್ಟಿ ಹಿಡಿಸಿ ಕೂರಿಸಿ. ಎಷ್ಟು ಗಂಟೆಗೆ ಯಾವ ವಾಹನ, ಎಷ್ಟು ಜನ, ಅವರಲ್ಲಿ ಹೆಣ್ಣುಮಕ್ಕಳೆಷ್ಟು, ಎಲ್ಲಿಗೆ ಹೋಗುತ್ತಾರೆ, ಎಷ್ಟು ಕೊಡುತ್ತಾರೆ. ಇಷ್ಟು ಬರೆದರೆ ಸಾಕು. ಜಾತ್ರೆ, ಉರುಸು, ಮದುವೆ ದಿನಗಳಲ್ಲಿ ಎಣಿಸಬೇಡಿ. ತೊಗರಿ ರಾಶಿ ನಡೆಯುವಾಗಲೂ ಬೇಡ, ಆಗ ಊರೇ ಹೊಲದಲ್ಲಿರುತ್ತದೆ. ಉಬ್ಬಿಸಿ ಬರೆದರೆ ಪ್ರಾಯೋಗಿಕ ಓಡಾಟದಲ್ಲಿ ಬಣ್ಣ ಬಯಲಾಗುತ್ತದೆ, ಮತ್ತೆ ನಿಮ್ಮೂರಿನ ಕಾಗದ ಯಾರೂ ನಂಬುವುದಿಲ್ಲ.

ಜೊತೆಗೆ ಶಾಲೆ, ಕಾಲೇಜಿನ ಪಟ್ಟಿ. ಇದರ ಹಿಂದೆ ಒಂದು ಸೂಕ್ಷ್ಮ ಇದೆ. ಪಾಸಿನ ದುಡ್ಡು ಪಾಸ್ ಕೌಂಟರಿನಲ್ಲೇ ಕಟ್ಟಿ ಮುಗಿದಿರುತ್ತದೆ. ಬಸ್ಸಿನೊಳಗೆ ಆ ಹುಡುಗರು ಟಿಕೆಟ್ ತೆಗೆಯುವುದಿಲ್ಲ. ಹೀಗಾಗಿ 40 ವಿದ್ಯಾರ್ಥಿಗಳು ಜೋತುಬಿದ್ದು ಹೋಗುವ ಬಸ್ಸು ಕಂಡಕ್ಟರ್ ಮೆಷಿನ್ನಿನ ಲೆಕ್ಕದಲ್ಲಿ ಹೆಚ್ಚುಕಡಿಮೆ ಖಾಲಿ ಕಾಣಬಹುದು. ಇಪಿಕೆಎಂ ಕಡಿಮೆ ಬಂತು, ಟ್ರಿಪ್ ರದ್ದು. ಇದನ್ನು ತಡೆಯಲು ಮುಖ್ಯೋಪಾಧ್ಯಾಯರಿಂದ, ಪ್ರಾಂಶುಪಾಲರಿಂದ ಪತ್ರ ತನ್ನಿ. ಈ ಊರಿನಿಂದ ಇಷ್ಟು ವಿದ್ಯಾರ್ಥಿಗಳು, ಅವರಲ್ಲಿ ಪಾಸ್ ಇರುವವರು ಇಷ್ಟು, ಶಾಲೆ ಶುರುವಾಗುವ ಮತ್ತು ಬಿಡುವ ಹೊತ್ತು ಇಂತಿಷ್ಟು. ಪ್ರೌಢಶಾಲೆಗೆ ಬೇರೆ ಊರಿಗೆ ಹೋಗಬೇಕೆಂದು ಏಳನೇ ತರಗತಿಗೇ ಓದು ಬಿಟ್ಟ ಹೆಣ್ಣುಮಕ್ಕಳಿದ್ದರೆ ಆ ಸಂಖ್ಯೆಯನ್ನೂ ಪತ್ರದಲ್ಲಿ ಬರೆಸಿ. ಹೆಸರು ಬೇಡ, ಸಂಖ್ಯೆ ಸಾಕು.

ಶೂನ್ಯ ಟಿಕೆಟ್ ವಿಷಯದಲ್ಲೂ ಅಷ್ಟೇ. ರಷ್ ಇದ್ದಾಗ "ಇರಲಿ ಬಿಡಕ್ಕಾ, ಕೂತ್ಕೋ" ಎಂದು ಕಂಡಕ್ಟರ್ ಟಿಕೆಟ್ ಕೊಡದೆ ಮುಂದೆ ಹೋಗುತ್ತಾರೆ. ಮಹಿಳೆಯರು ಕೇಳಿ ಪಡೆಯಬೇಕು. ಆ ಚೀಟಿ ಇಲ್ಲದಿದ್ದರೆ ನಿಮ್ಮ ಪ್ರಯಾಣ ಲೆಕ್ಕದಲ್ಲಿ ನಡೆದೇ ಇಲ್ಲ.

ಹಂತ 3: ರಸ್ತೆಯನ್ನು ಬಸ್ಸಿನ ಕಣ್ಣಿಂದ ನೋಡಿ

ಟ್ರ್ಯಾಕ್ಟರ್ ಹೋಗುವ ದಾರಿಯಲ್ಲೆಲ್ಲ ಬಸ್ ಹೋಗುವುದಿಲ್ಲ. ಎದುರಿಗೆ ಬಂದ ಗಾಡಿಗೆ ದಾರಿ ಬಿಡಲು ಜಾಗ ಇದೆಯಾ? ಊರಲ್ಲಿ ಬಸ್ ತಿರುಗಿಸಲು ಬಯಲು ಇದೆಯಾ, ಇಲ್ಲಾ ಅದರ ಮೇಲೆ ಯಾರಾದರೂ ತಿಪ್ಪೆ ಹಾಕಿದ್ದಾರಾ? ಕರೆಂಟ್ ತಂತಿ ಜೋತುಬಿದ್ದಿದೆಯಾ? ಜಾಲಿ ಕಂಟಿ ಎರಡೂ ಕಡೆ ಚಾಚಿದೆಯಾ? ಮಳೆಗಾಲದಲ್ಲಿ ಎರೆಮಣ್ಣಿನ ಪಕ್ಕಕ್ಕೆ ಒಂದು ಗಾಲಿ ಇಳಿದರೆ ಸಾಕು, ಬಸ್ ಮತ್ತೆ ಏಳುವುದಿಲ್ಲ.

ಸೇತುವೆಗಳ ಬಗ್ಗೆ ಮುಚ್ಚಿಡಬೇಡಿ. ಕಾಗಿಣಾ ಉಕ್ಕಿದಾಗ ದಂಡೋತಿ, ಮಳಖೇಡ ಕಡೆ ಸೇತುವೆ ಮೇಲೆ ನೀರು ಬರುವುದು ಡಿಪೋದವರಿಗೂ ಗೊತ್ತು. ಭೀಮಾ ತೀರದ ಊರುಗಳದ್ದೂ ಅದೇ ಕತೆ. ನೀರು ಬಂದ ದಿನಗಳಲ್ಲಿ ಬಸ್ ಎಲ್ಲಿಯ ತನಕ ಬಂದು ತಿರುಗಬೇಕು ಎಂದು ನೀವೇ ಬರೆದುಬಿಡಿ. "ಮಳೆಗಾಲದಲ್ಲಿ ಆಗಲ್ಲ" ಎಂಬ ಒಂದು ನೆಪ ಅಲ್ಲಿಗೇ ಕಡಿಮೆಯಾಗುತ್ತದೆ.

ದುರಸ್ತಿ ಯಾರದು? ರಸ್ತೆ ಲೋಕೋಪಯೋಗಿ ಇಲಾಖೆಯದೋ, ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದ್ದೋ ಎಂದು ಪಂಚಾಯಿತಿಯಲ್ಲಿ ಕೇಳಿ. ತಂತಿ ವಿದ್ಯುತ್ ಕಂಪನಿ ಜೆಸ್ಕಾಂನದು. ಜಾಲಿ, ತಿಪ್ಪೆ ನಮ್ಮದೇ. ಸಮೀಕ್ಷೆಗೆ ನಿಗಮದವರು ಬರುವ ಮೊದಲು ಒಂದು ಭಾನುವಾರ ಊರಿನವರು ಸೇರಿ ತೆಗೆದರೆ ಸಾಕು.

ಹಂತ 4: ಠರಾವು

ಗ್ರಾಮ ಸಭೆ ಅಥವಾ ಪಂಚಾಯಿತಿಯ ಸಾಮಾನ್ಯ ಸಭೆಯಲ್ಲಿ ಠರಾವು ಮಾಡಿಸಿ ನಕಲು ಪಡೆಯಿರಿ. ಗ್ರಾಮ ಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಲೇಬೇಕು. ಅಕ್ಕಪಕ್ಕದ ಎರಡು ಮೂರು ಊರು ಸೇರಿದರೆ ಬಲ ಜಾಸ್ತಿ. ಆದರೆ "ನಮ್ಮೂರಿಂದಲೇ ಹೊರಡಬೇಕು" ಎಂದು ಊರುಗಳ ನಡುವೆ ಪೈಪೋಟಿ ಬಿದ್ದರೆ ಇಡೀ ಕಾಗದ ಹಾಳು. ಇದನ್ನು ಮೊದಲೇ ಮಾತಾಡಿಕೊಳ್ಳಿ.

ವಸ್ತಿ ಬಸ್ ಕೇಳುತ್ತಿದ್ದರೆ ಠರಾವಿನಲ್ಲಿ ಇನ್ನೊಂದು ಮಾತು ಸೇರಿಸಿ: ಡ್ರೈವರ್, ಕಂಡಕ್ಟರ್ ಮಲಗಲು ಕೋಣೆ, ನೀರು, ದೀಪ, ಶೌಚಾಲಯವನ್ನು ಪಂಚಾಯಿತಿ ಕೊಡುತ್ತದೆ. ರಾತ್ರಿ ಬಸ್ಸಿನ ಸೀಟಿನ ಮೇಲೆ ಸೊಳ್ಳೆ ಕಚ್ಚಿಸಿಕೊಂಡು ಮಲಗಿ ಬೆಳಿಗ್ಗೆ 6ಕ್ಕೆ ಗಾಡಿ ಓಡಿಸು ಅಂದರೆ ಯಾರು ಬರುತ್ತಾರೆ? ವಸ್ತಿ ಬಸ್‌ಗಳು ನಿಂತುಹೋಗುವುದರಲ್ಲಿ ಇದರ ಪಾಲೂ ಇದೆ.

ಹಂತ 5: ಅರ್ಜಿ ಬರೆಯುವುದು, ಕೊಡುವುದು

ಮೂಲ ಅರ್ಜಿ ವಿಭಾಗೀಯ ನಿಯಂತ್ರಣಾಧಿಕಾರಿಗೆ. ಪ್ರತಿ ನಿಮ್ಮ ಡಿಪೋ ಮ್ಯಾನೇಜರ್‌ಗೆ, ಇನ್ನೊಂದು ಶಾಸಕರಿಗೆ. ಬೀದರ್ ಮತ್ತು ಯಾದಗಿರಿ ಒಂದೊಂದು ವಿಭಾಗ. ಕಲಬುರಗಿಯಲ್ಲಿ ಎರಡು ವಿಭಾಗ ಇವೆ, ನಿಮ್ಮ ಡಿಪೋ ಯಾವುದಕ್ಕೆ ಸೇರುತ್ತದೆ ಎಂದು ಡಿಪೋದಲ್ಲೇ ಕೇಳಿ ಬರೆಯಿರಿ. ಒಂದು ಪುಟ ಮೀರಬಾರದು. ಹೀಗೆ ಬರೆಯಬಹುದು:

"ವಿಷಯ: ______ ಡಿಪೋದ ______–______ ಮಾರ್ಗದ ಬೆಳಿಗ್ಗೆ ____ ಗಂಟೆಯ ಟ್ರಿಪ್ಪನ್ನು ______ ಗ್ರಾಮದ ತನಕ ವಿಸ್ತರಿಸುವ ಕುರಿತು.

ಈ ಬಸ್ ಸದ್ಯ ______ ಗ್ರಾಮದಲ್ಲಿ ತಿರುಗುತ್ತದೆ. ಅಲ್ಲಿಂದ ನಮ್ಮ ಗ್ರಾಮ ____ ಕಿಲೋಮೀಟರ್, ಡಾಂಬರು ರಸ್ತೆ ಇದೆ, ಬಸ್ ತಿರುಗಿಸಲು ಜಾಗವಿದೆ. ದಿನಾಂಕ ____, ____, ____ರಂದು ನಾವು ಎಣಿಸಿದಂತೆ ದಿನಕ್ಕೆ ಸರಾಸರಿ ____ ಜನ ಖಾಸಗಿ ವಾಹನಗಳಲ್ಲಿ ಹೋಗುತ್ತಾರೆ, ಅವರಲ್ಲಿ ಮಹಿಳೆಯರು ____. ಪಾಸ್ ಇರುವ ವಿದ್ಯಾರ್ಥಿಗಳು ____. ಮಾರ್ಗ ಸಮೀಕ್ಷೆ ಮಾಡಿಸಿ, ಮೂರು ತಿಂಗಳು ಪ್ರಾಯೋಗಿಕವಾಗಿ ಓಡಿಸಬೇಕೆಂದು ಕೋರುತ್ತೇವೆ.

ಲಗತ್ತು: ಎಣಿಕೆ ಪಟ್ಟಿ, ಶಾಲೆಯ ಪತ್ರ, ಪಂಚಾಯಿತಿ ಠರಾವು, ರಸ್ತೆಯ ಫೋಟೋಗಳು."

"ಪ್ರಾಯೋಗಿಕವಾಗಿ" ಎಂಬ ಪದ ಮರೆಯಬೇಡಿ. ಕಾಯಂ ಎಂದರೆ ಅಧಿಕಾರಿ ಹಿಂಜರಿಯುತ್ತಾರೆ, ಮೂರು ತಿಂಗಳು ಅಂದರೆ ಒಪ್ಪುವುದು ಸುಲಭ. ಕೊಡುವಾಗ ನಿಮ್ಮ ನಕಲಿನ ಮೇಲೆ ಮೊಹರು, ದಿನಾಂಕ, ಸ್ವೀಕೃತಿ ಸಂಖ್ಯೆ ಹಾಕಿಸಿಕೊಳ್ಳಿ. ಯಾರದೋ ಕೈಯಲ್ಲಿ ಕೊಟ್ಟು ಬಂದ ಅರ್ಜಿ ಮುಂದೆ ಯಾವ ಮೇಲ್ಮನವಿಗೂ ಬರುವುದಿಲ್ಲ.

ಯಾವಾಗ ಕೊಡಬೇಕು? ಶಾಲೆ ಬಸ್ ಆದರೆ ಫೆಬ್ರವರಿ, ಮಾರ್ಚ್‌ನಲ್ಲಿ. ಶಾಲೆ ಶುರುವಾದ ಮೇಲೆ ಜೂನ್‌ನಲ್ಲಿ ಎಲ್ಲ ಊರಿನವರೂ ಡಿಪೋ ಮುಂದೆ ನಿಂತಿರುತ್ತಾರೆ. ಹೊಸ ನಿಲ್ದಾಣ, ಹೊಸ ಬಸ್ ಖರೀದಿ ಥರದ ದೊಡ್ಡ ಕೋರಿಕೆಗಳನ್ನು ದೀಪಾವಳಿ ಮುಗಿದ ಕೂಡಲೇ ಶಾಸಕರ ಮೂಲಕ ಕಳಿಸಿ. ಮಾರ್ಚ್ ಬಜೆಟ್‌ಗೆ ಇಲಾಖೆಗಳು ಅದಕ್ಕಿಂತ ಮೊದಲೇ ಪಟ್ಟಿ ಕಟ್ಟುತ್ತವೆ.

ಹಂತ 6: ಸಮೀಕ್ಷೆ

ನಿಗಮದವರು ಬಂದಾಗ ಇಡೀ ಊರು ಮುತ್ತಿಗೆ ಹಾಕಿ ಕೂಗಾಡುವುದು ಬೇಡ. ಮೂರು ಜನ ಸಾಕು: ಲೆಕ್ಕ ಗೊತ್ತಿರುವ ಒಬ್ಬರು, ರಸ್ತೆ ಗೊತ್ತಿರುವ ಒಬ್ಬರು, ದಿನಾ ಓಡಾಡುವ ಒಬ್ಬ ಹೆಣ್ಣುಮಗಳು. ಸಮಯದ ವಿಷಯದಲ್ಲಿ ಸ್ವಲ್ಪ ಸಡಿಲ ಇಟ್ಟುಕೊಳ್ಳಿ. ಬಸ್ಸಿನ ಶೆಡ್ಯೂಲ್ ಸರಪಳಿ ಇದ್ದಂತೆ, ನಿಮ್ಮೂರಿಗೆ 20 ನಿಮಿಷ ಹೆಚ್ಚಾದರೆ ಮುಂದಿನ ಊರಿನ ಕಾಲೇಜು ಹುಡುಗರಿಗೆ ತಡವಾಗುತ್ತದೆ. ಯಾವ ಗಂಟೆ ಬಿಟ್ಟುಕೊಡಲಾಗದು, ಯಾವುದು ಆಚೀಚೆ ಆಗಬಹುದು ಎಂದು ಮೊದಲೇ ಹೇಳಿ.

ಗಡಿ ಊರಿನವರಿಗೆ ಇಲ್ಲೊಂದು ತೊಡಕಿದೆ. ಕಮಲನಗರದಿಂದ ಉದಗೀರ್, ಔರಾದ್‌ನಿಂದ ದೇಗಲೂರು, ಚಿಂಚೋಳಿಯಿಂದ ತಾಂಡೂರು, ಗುರುಮಠಕಲ್‌ನಿಂದ ನಾರಾಯಣಪೇಟೆ, ಇವೆಲ್ಲ ನಮಗೆ ಪಕ್ಕದ ಪೇಟೆ. ಆದರೆ ಕಾಗದದ ಮೇಲೆ ಬೇರೆ ರಾಜ್ಯ. ಅಂಥ ಮಾರ್ಗಕ್ಕೆ ಎರಡು ರಾಜ್ಯಗಳ ನಡುವೆ ಒಪ್ಪಂದ ಬೇಕು. ಯಾವ ಮಾರ್ಗದಲ್ಲಿ ಯಾರ ಬಸ್ ಎಷ್ಟು ಕಿಲೋಮೀಟರ್ ಓಡಬೇಕು ಎಂದು ಅದರಲ್ಲಿ ಬರೆದಿರುತ್ತದೆ. ಅಂತರರಾಜ್ಯ ಬಸ್‌ಗೆ ಶಕ್ತಿ ಯೋಜನೆಯೂ ಅನ್ವಯಿಸುವುದಿಲ್ಲ. ಗಡಿಯ ಈಚಿನ ಕೊನೆಯ ಊರಿನ ತನಕ ಟ್ರಿಪ್ ಕೇಳುವುದೇ ಜಾಣತನ.

ಹಂತ 7: ಕಾಗದ ಅಲುಗಾಡದಿದ್ದರೆ

ಎರಡು ತಿಂಗಳು ಕಾಯಿರಿ. ಆಮೇಲೆ ಮಾಹಿತಿ ಹಕ್ಕು. 2005ರ ಕಾಯ್ದೆ, 10 ರೂಪಾಯಿ ಶುಲ್ಕ, ಪೋಸ್ಟಲ್ ಆರ್ಡರ್ ಇಟ್ಟರೆ ಆಯಿತು. ಬಿಪಿಎಲ್ ಕುಟುಂಬದವರಿಗೆ ಶುಲ್ಕ ಇಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ವಿಭಾಗೀಯ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಬರೆಯಿರಿ. "ನಮ್ಮೂರಿಗೆ ಯಾಕೆ ಬಸ್ ಬಿಟ್ಟಿಲ್ಲ?" ಎಂದು ಕೇಳಬೇಡಿ. ಯಾಕೆ ಎಂಬುದಕ್ಕೆ ಉತ್ತರ ಕೊಡಬೇಕಿಲ್ಲ, ಇರುವ ದಾಖಲೆ ಕೊಡಬೇಕು ಅಷ್ಟೇ. ಹೀಗೆ ಕೇಳಿ: ಈ ಮಾರ್ಗದ ಫಾರಂ-4ರ ನಕಲು, ಕಳೆದ ಆರು ತಿಂಗಳ ತಿಂಗಳುವಾರು ಇಪಿಕೆಎಂ, ರದ್ದಾದ ಟ್ರಿಪ್‌ಗಳ ಪಟ್ಟಿ, ನಮ್ಮ ಅರ್ಜಿಯ ಮೇಲಿನ ಟಿಪ್ಪಣಿ ಮತ್ತು ಸಮೀಕ್ಷೆ ವರದಿಯ ನಕಲು.

30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಅದಕ್ಕೂ 30 ದಿನದ ಗಡುವಿದೆ. ಆಮೇಲೆ ಮಾಹಿತಿ ಆಯೋಗ, ಅದರ ಪೀಠ ಕಲಬುರಗಿಯಲ್ಲೇ ಇದೆ. ಅನುಭವದಿಂದ ಹೇಳುವುದಾದರೆ ಬಹಳ ಸಲ ಫಾರಂ-4ರ ನಕಲು ಕೈಗೆ ಬಂದಾಗಲೇ ತಮಾಷೆ ಗೊತ್ತಾಗುತ್ತದೆ. ಕಾಗದದಲ್ಲಿ ಬಸ್ ಊರಿಗೆ ಬರುತ್ತಲೇ ಇರುತ್ತದೆ, ರಸ್ತೆಯಲ್ಲಿ ಮಾತ್ರ ಕ್ರಾಸ್‌ನಿಂದಲೇ ತಿರುಗುತ್ತಿರುತ್ತದೆ. ಅಂಥ ಕಡೆ ಹೊಸ ಮಂಜೂರಾತಿಯ ಮಾತೇ ಇಲ್ಲ, ಇರುವುದನ್ನು ಓಡಿಸಿ ಎಂದರೆ ಸಾಕು.

ಇನ್ನೊಂದು ದಾರಿ ಕೆಡಿಪಿ ಸಭೆ, ಅಂದರೆ ಇಲಾಖೆಗಳ ಪ್ರಗತಿ ಪರಿಶೀಲನೆ ಸಭೆ. ತಾಲ್ಲೂಕು ಮಟ್ಟದಲ್ಲಿ ಶಾಸಕರು, ಜಿಲ್ಲಾ ಮಟ್ಟದಲ್ಲಿ ಉಸ್ತುವಾರಿ ಸಚಿವರು ನಡೆಸುತ್ತಾರೆ. ಸಭೆಗೆ ವಾರ ಮೊದಲು ಶಾಸಕರಿಗೆ ಒಂದೇ ಪುಟದ ಟಿಪ್ಪಣಿ ಕೊಡಿ, ಸ್ವೀಕೃತಿ ಸಂಖ್ಯೆ ಸಮೇತ. ಅಲ್ಲಿ ಎದ್ದ ಪ್ರಶ್ನೆ ನಡಾವಳಿಯಲ್ಲಿ ದಾಖಲಾಗುತ್ತದೆ. 1902ಕ್ಕೆ ಕರೆ ಮಾಡಿ ಜನಸ್ಪಂದನದಲ್ಲೂ ದೂರು ದಾಖಲಿಸಬಹುದು, ನಂಬರ್ ಬರೆದಿಟ್ಟುಕೊಳ್ಳಿ.

ರಸ್ತೆ ತಡೆ, ಡಿಪೋಗೆ ಬೀಗ ಇವನ್ನು ನಾನು ಬೇಡ ಅನ್ನುತ್ತೇನೆ. ಮರುದಿನ ಬಸ್ ಬರುತ್ತದೆ, ನಿಜ. ಆದರೆ ಅದು ಬೇರೆ ಊರಿನ ಟ್ರಿಪ್ ಕಿತ್ತು ತಂದದ್ದಾಗಿರುತ್ತದೆ, ತಿಂಗಳೊಳಗೆ ವಾಪಸ್ ಹೋಗುತ್ತದೆ.

ತಂಗುದಾಣ ಬೇಕಾದರೆ

ಇದು ಬೇರೆಯದೇ ಕಡತ, ನಿಗಮದ ಅರ್ಜಿಯಲ್ಲಿ ಸೇರಿಸಬೇಡಿ. ಊರ ಬಳಿಯ ಚಿಕ್ಕ ತಂಗುದಾಣವನ್ನು ಶಾಸಕರ ಪ್ರದೇಶಾಭಿವೃದ್ಧಿ ನಿಧಿ, ಸಂಸದರ ನಿಧಿ ಅಥವಾ ಪಂಚಾಯಿತಿಯ ಅನುದಾನದಲ್ಲಿ ಕಟ್ಟಿಸಬಹುದು. ಸಂಸದರಿಗೆ ವರ್ಷಕ್ಕೆ 5 ಕೋಟಿ, ಶಾಸಕರಿಗೆ 2 ಕೋಟಿ ಇರುತ್ತದೆ. ಜಾಗ ಸರ್ಕಾರಿಯದೋ ಖಾಸಗಿಯದೋ ಎಂದು ಪಹಣಿ ನೋಡಿಯೇ ಮುಂದುವರಿಯಿರಿ. ರಸ್ತೆ ಅಗಲವಾಗುವ ಯೋಜನೆ ಇದೆಯಾ ಎಂದೂ ಕೇಳಿ. ಕಟ್ಟಿದ ಎರಡೇ ವರ್ಷಕ್ಕೆ ಕೆಡವಿದ ತಂಗುದಾಣಗಳು ನಮ್ಮಲ್ಲಿ ಕಮ್ಮಿ ಇಲ್ಲ. ಹೋಬಳಿ ಕೇಂದ್ರಕ್ಕೆ ಪೂರ್ಣ ಬಸ್ ನಿಲ್ದಾಣ ಬೇಕಿದ್ದರೆ ಆಗ ಮಂಡಳಿಯ ಕ್ರಿಯಾ ಯೋಜನೆಗೆ ಸೇರಿಸಲು ಶಾಸಕರನ್ನು ಹಿಡಿಯಿರಿ.

ಹಂತ 8: ಬಸ್ ಬಂದ ಮೇಲೆ

ಮೊದಲ ದಿನ ತೋರಣ ಕಟ್ಟಿ, ಕಾಯಿ ಒಡೆದು, ಡ್ರೈವರ್‌ಗೆ ಹಾರ ಹಾಕಿ. ಎರಡನೇ ದಿನದಿಂದ ಬಸ್ ಹತ್ತಿ. ಟಂಟಂನವ ಮನೆ ಬಾಗಿಲಿಗೇ ಬರುತ್ತಾನೆ ಎಂದು ಅದರಲ್ಲೇ ಹೋದರೆ ಮೂರು ತಿಂಗಳ ಲೆಕ್ಕ ನಿಮ್ಮ ವಿರುದ್ಧವೇ ನಿಲ್ಲುತ್ತದೆ. ಪ್ರಾಯೋಗಿಕ ಅವಧಿಯಲ್ಲಿ ಬಸ್‌ಗಿಂತ ಐದು ನಿಮಿಷ ಮೊದಲು ಜೀಪು ಬಂದು ಜನ ತುಂಬಿಕೊಂಡು ಹೋಗುವುದು ಸಾಮಾನ್ಯ. ಊರಿನವರೇ ಕೂತು ಅವರೊಂದಿಗೆ ಹೊತ್ತು ಹೊಂದಿಸಿಕೊಳ್ಳಿ. ಅವರದೂ ಹೊಟ್ಟೆಪಾಡು.

ಅಂಗಡಿ ಗೋಡೆಗೆ ಒಂದು ಕ್ಯಾಲೆಂಡರ್ ತೂಗುಹಾಕಿ. ಬಸ್ ಬಂದ ಹೊತ್ತು ಬರೆಯಿರಿ, ಬಾರದ ದಿನ ಕೆಂಪು ಗುರುತು ಹಾಕಿ. ತಿಂಗಳ ಕೊನೆಗೆ ಅದರ ಫೋಟೋ ಡಿಪೋ ಮ್ಯಾನೇಜರ್‌ಗೆ ಕಳಿಸಿ. ಮೂರನೇ ತಿಂಗಳು ಮುಗಿಯಲು ಹದಿನೈದು ದಿನ ಇರುವಾಗಲೇ ಟ್ರಿಪ್ ಮುಂದುವರಿಸಲು ಕೋರಿ ಇನ್ನೊಂದು ಪತ್ರ ಕೊಡಿ. ಅದಕ್ಕೂ ಮೊಹರು ಹಾಕಿಸಿಕೊಳ್ಳಿ.